ಗಿಯರ್ ಅಚ್ಚಿನ ಕಾಫಿ ಸೋಪು

ಬೀದಿಯಲ್ಲಿ ಯಾರು ಕಾಫಿ ಕುಡಿದರೂ ಅದು ತಮ್ಮ ಸೋಪಿಗಾಗಿಯೇ ಎಂದು ನಮ್ಮ ಮೇಲಿನ ಮನೆಯ ಸೋಪಜ್ಜನ ನಂಬಿಕೆ. ಬೆಳಿಗ್ಗೆ ಡಬ್ಬಿ ಹಿಡಿದು ಮನೆಮನೆಯ ಕಾಫಿ ಚರಟ ಕೂಡಿಸುತ್ತಾರೆ. ಎದುರುಮನೆಯವರು ಟೀಗೆ ಬದಲಾದರೆಂದು ವಾರವಿಡೀ ಮುಖ ಊದಿಸಿಕೊಂಡಿದ್ದರು. ನಲವತ್ತು ವರ್ಷ ಗ್ಯಾರೇಜಿನಲ್ಲಿ ದುಡಿದವರು. ಎಣ್ಣೆ, ಕಾಸ್ಟಿಕ್ ಸೋಡಾ, ಚರಟ ಕಲಸಿ ಎರೆದ ಪ್ರತಿ ಸೋಪಿನ ಮೇಲೂ ಹಳೆಯ ಗಿಯರ್ ಚಕ್ರದ ಅಚ್ಚೊತ್ತುತ್ತಾರೆ. "ಈಗ್ಲೇ ಹಚ್ಕೋಬೇಡಮ್ಮಾ, ಹೊಸ ಇಂಜಿನ್ ಇದ್ದ ಹಾಗೆ ಇದು. ಆರು ವಾರ ಸುಮ್ನೆ ಬಿಡು" ಎಂದು ನನಗೆ ತಾಕೀತು. ಆರು ವಾರ ಬಿಟ್ಟು ಹಚ್ಚಿದರೂ ಮೈಗೆ ಮರಳುಕಾಗದ ಉಜ್ಜಿದಂತೆಯೇ. ದೂರಿದರೆ, "ಕೊಳೆ ಹೋಗ್ಬೇಕೋ ಬೇಡ್ವೋ?" ಎಂದು ಗದರುತ್ತಾರೆ. ಅವರ ಉಗುರಿನ ಸುತ್ತಲಿನ ಕಪ್ಪು ಮಾತ್ರ ಅವರ ಸೋಪಿಗೂ ಜಗ್ಗಿಲ್ಲ. ಪುಟ್ಟ ಮೊಮ್ಮಗಳು ಅತ್ತಾಗಲೆಲ್ಲ ಎತ್ತಿಕೊಳ್ಳುವ ಮೊದಲು ನಲ್ಲಿಗೆ ಓಡಿ, ಮೂರು ಸಲ ತಿಕ್ಕಿ ತೊಳೆದು, ಶಾಲೆ ಮಕ್ಕಳಂತೆ ಸೊಸೆಯ ಮುಂದೆ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ತೋರಿಸುತ್ತಾರೆ. ಮೊನ್ನೆ ಸೊಸೆ ನಕ್ಕುಬಿಟ್ಟಳು: "ಎತ್ಕೊಳ್ಳಿ ಮಾವ, ನಾನೇನು ಕೈ ತೋರ್ಸಿ ಅಂದ್ನಾ?" ಸೋಪಜ್ಜ ಮಗುವನ್ನು ಎದೆಗಾನಿಸಿಕೊಂಡರು. "ನೀನು ಅಂದಿಲ್ಲಮ್ಮ. ನಿನ್ ಗಂಡ ಇಷ್ಟಿದ್ದಾಗ, ಕೈಯೆಲ್ಲ ಗ್ರೀಸು ಅಂತ ನಾನೇ ಎತ್ಕೊಳ್ತಿರ್ಲಿಲ್ಲ."