ಬಿಸಿಲು ಬಡಿದದ್ದಲ್ಲ

ಬ್ಯಾಡಗಿಯ ಗಂಡಿನ ಕಡೆಯವರು ನನ್ನನ್ನು ನೋಡಿಹೋಗಿ, ಇನ್ನೂ ಒಪ್ಪಿಗೆ ಹೇಳದಿದ್ದ ವಾರದಲ್ಲಿ ಅಕ್ಕ ಸತ್ತಳು. ಇದನ್ನು ಸುತ್ತಿಬಳಸಿ ಹೇಳುವ ವಯಸ್ಸು ನನ್ನದಲ್ಲ.

ಇಪ್ಪತ್ತು ವರ್ಷದ ಹಿಂದಿನ ಮಾತು. ನಮ್ಮೂರು ಮೇಡ್ಲೇರಿಯಲ್ಲೇ ಅಕ್ಕನನ್ನೂ ಕೊಟ್ಟಿದ್ದರು. ನಾವಿಬ್ಬರೂ ಬೀಜದ ಹತ್ತಿಯ ಕ್ರಾಸಿಂಗ್ ಕೆಲಸಕ್ಕೆ, ಅಂದರೆ ಕೈಯಿಂದ ಪರಾಗ ಸೇರಿಸುವುದಕ್ಕೆ, ಹೋಗುತ್ತಿದ್ದೆವು. ಸಂಜೆ ಗಿಡದಲ್ಲೇ ಮೊಗ್ಗಿನ ಎಸಳು ಸುಲಿದಿಡುವುದು, ಬೆಳಿಗ್ಗೆ ಅದಕ್ಕೆ ಗಂಡುಹೂವು ಸವರುವುದು. ಹೂವು ಒಂದು ದಿನವೂ ಕಾಯುವುದಿಲ್ಲ, ಹಾಗಾಗಿ ರಜೆ ಅನ್ನುವುದೇ ಇಲ್ಲ. ಬಗ್ಗಿ ಬಗ್ಗಿ ಅಕ್ಕನ ನಡ ಹಿಡಿದುಬಿಟ್ಟಿತ್ತು. ರಾಣೆಬೆನ್ನೂರಿನ ಔಷಧಿ ಅಂಗಡಿಯಿಂದ ನೋವಿನ ಕ್ಯಾಪ್ಸೂಲ್ ತಂದುಕೊಡುತ್ತಿದ್ದವಳು ನಾನೇ. ಡಾಕ್ಟರ ಚೀಟಿ ಯಾರೂ ಕೇಳುತ್ತಿರಲಿಲ್ಲ. ದಿನಕ್ಕೆ ಎರಡಿದ್ದದ್ದು ಆರಾಯಿತು. ಆಮೇಲೆ ಅವಳು ಎಣಿಸುವುದನ್ನೇ ಬಿಟ್ಟಳು.

"ಇದನ್ನ ನುಂಗಿದ್ರ ನಡಾ ನಂದಲ್ಲ, ನಮ್ಮತ್ತೀದು ಅನಸ್ತೈತಿ ನೋಡ," ಎಂದು ನಗುತ್ತಿದ್ದಳು.

ಆವತ್ತು ಬೆಳಿಗ್ಗೆ ಹೊಲದಲ್ಲೇ ಸೆಟೆದು ಬಿದ್ದಳು. ಕೈಕಾಲು ಝಾಡಿಸಿದಳು, ಬಾಯಲ್ಲಿ ನೊರೆ. ಹೆಂಗಸರು ಅವಳ ಮುಷ್ಟಿಗೆ ಕಬ್ಬಿಣದ ಕೀಲಿಕೈ ತುರುಕಿದರು, ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ನಿಂತಿತು. ಕೀಲಿಕೈಯೇ ನಿಲ್ಲಿಸಿತು ಅಂದುಕೊಂಡೆವು.

ಟೆಂಪೋದಲ್ಲಿ ರಾಣೆಬೆನ್ನೂರಿಗೆ ಒಯ್ಯುವಾಗ ಅವ್ವ ನನ್ನ ತೊಡೆ ಚಿವುಟಿದಳು. "ಮೂರ್ಛಿ ಅಂದೀ ಅಂದ್ರ ಬ್ಯಾಡಗ್ಯಾರು ಹೊಳ್ಳಿ ನೋಡಂಗಿಲ್ಲ. ಮನೆತನಕ್ಕ ಬ್ಯಾನಿ ಐತಿ ಅಂತಾರ. ಬಿಸಲು ಬಡದೈತಿ ಅನ್ನು."

ಹಾಗೇ ಅಂದೆ. ಔಷಧಿ ಏನಾದರೂ ತಗೊಂಡಿದ್ದಾಳಾ ಎಂದು ಡಾಕ್ಟರು ಕೇಳಿದಾಗ ಇಲ್ಲ ಅಂದೆ. ನಡ ನೋವಿನ ಗುಳಿಗೆಯನ್ನು ಔಷಧಿ ಅಂತ ನಾವು ಯಾರೂ ಎಣಿಸಿರಲಿಲ್ಲ. ಸಲೈನ್ ಹಚ್ಚಿ ಮಲಗಿಸಿದರು. ಅರ್ಧ ತಾಸಿಗೆ, ಅವರ ಕಣ್ಣೆದುರೇ, ಮತ್ತೆ ಸೆಟೆದಳು. ಎದೆಗೆ ಮಷೀನು ಹಚ್ಚಿದರೆ ಕಾಗದದ ಮೇಲೆ ಗೆರೆಗಳು ಅಗಲವಾಗಿ, ಅಡ್ಡಾದಿಡ್ಡಿ ಬಂದವು.

"ಖರೇ ಹೇಳ್ರಿ, ಏನ್ ನುಂಗ್ಯಾಳ?"

ಅಕ್ಕನ ಸೊಂಟದ ಚೀಲದಿಂದ ಕ್ಯಾಪ್ಸೂಲಿನ ಖಾಲಿ ಪಟ್ಟಿಗಳನ್ನು ತೆಗೆದುಕೊಟ್ಟೆ. ಡಾಕ್ಟರು ತಲೆ ಹಿಡಿದುಕೊಂಡರು. "ಇದು ಅಫೀಮಿನ ಜಾತೀದು. ಫಿಟ್ಸ್ ತರತೈತಿ, ಎದಿ ಬಡಿತಾನ ಕೆಡಸ್ತೈತಿ. ಬಂದ ಕೂಡ್ಲೆ ಯಾಕ ಹೇಳ್ಲಿಲ್ಲ?"

ಇಂಜೆಕ್ಷನ್ ಕೊಟ್ಟರು, ಎದೆ ಒತ್ತಿದರು. ಗೆರೆ ಏಳದೆ ಬೀಳದೆ ಸಪಾಟಾಗಿ ನಿಂತುಬಿಟ್ಟಿತು.

ನಮ್ಮ ಮನೆತನದಲ್ಲಿ ಮೂರ್ಛೆ ರೋಗ ಇರಲೇ ಇಲ್ಲ. ಇಲ್ಲದ್ದನ್ನು ಮುಚ್ಚಿಟ್ಟು ಅರ್ಧ ತಾಸು ಕಳೆದೆವು.

ಸಾವಿನ ಮನೆ ಮಾತಾಡಿಸಲು ಬಂದ ಬ್ಯಾಡಗಿಯವರಿಗೆ ಅವ್ವ, "ಬಿಸಲು ಬಡದು ಹೋದಳ್ರೀ," ಅಂದಳು. ನಾನು ಪಕ್ಕದಲ್ಲೇ ಕೂತಿದ್ದೆ. ಮದುವೆಯಾಯಿತು. ನನ್ನ ಗಂಡ ಇವತ್ತಿಗೂ ಅದನ್ನೇ ನಂಬಿದ್ದಾರೆ. ನಾನು ಬರೆದದ್ದನ್ನೆಲ್ಲ ಅವರು ಓದುತ್ತಾರೆ. ಇದನ್ನೂ ಓದಲಿ.