ಜಮಾದಾರರು ಕರೆದ ಹಾಜರಿ

ಹುಣಸೆಹಣ್ಣು ಹಚ್ಚಿ ಹಿತ್ತಾಳೆ ಉಜ್ಜುವಾಗ ಒಂದು ಹುಳಿ ವಾಸನೆ ಏಳುತ್ತದೆ. ಮೊನ್ನೆ ಸೊಸೆ ಹಿತ್ತಲಲ್ಲಿ ಕೂತು ದೇವರ ದೀಪ ಉಜ್ಜುತ್ತಿದ್ದಳು. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಬೆಳಗ್ಗೆ ಬಂದ ಆಮಂತ್ರಣ ಪತ್ರಿಕೆಯನ್ನು ಎರಡನೇ ಸಲ ಓದುತ್ತಿದ್ದೆ. ರಾಮತೀರ್ಥ ನಗರದ ಒಂದು ಮಂಡಳಿಯವರು, ಊರ ಹುಡುಗರಿಗಾಗಿ ತಮ್ಮ ಸ್ವಂತ ಹೊತ್ತು ಕೊಟ್ಟ ಪೊಲೀಸರನ್ನು ಸನ್ಮಾನಿಸುತ್ತಾರಂತೆ. ತೀರಿಹೋದವರ ಪಟ್ಟಿಯಲ್ಲಿ ನಮ್ಮ ಜಮಾದಾರರ ಹೆಸರಿತ್ತು. ಅವರ ಬಗ್ಗೆ ಮಾತನಾಡುವವನು ನಾನು. ನನ್ನ ಹೆಸರಿನ ಮುಂದೆ 'ಅವರು ತಿದ್ದಿದ ಅಂದಿನ ಯುವಕರಲ್ಲೊಬ್ಬರು' ಎಂದು ಅಚ್ಚು ಹಾಕಿಸಿದ್ದರು.

ತಿದ್ದಿದ ಎಂಬ ಆ ಮಾತು ನೋಡಿ ಮೈ ಉರಿಯಿತು. ಬರೆದವರಿಗೆ ನಾನು ಜಮಾದಾರರ ಕಬಡ್ಡಿ ತಂಡದಲ್ಲಿ ಆಡಿದವನು ಎಂಬುದಷ್ಟೇ ಗೊತ್ತು. ಅದಕ್ಕಿಂತ ಹೆಚ್ಚಿನದು ನನ್ನ ಹೆಂಡತಿಗೂ ಗೊತ್ತಿಲ್ಲ, ಮಕ್ಕಳಿಗೂ ಗೊತ್ತಿಲ್ಲ. ನಲವತ್ತು ವರ್ಷದಿಂದ ಬಾಯಿ ಮುಚ್ಚಿಕೊಂಡಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಮ್ಮದು ಅನಗೋಳ. ಅಪ್ಪ ಹೊಲ ಮತ್ತು ಎರಡು ಎಮ್ಮೆ ನೋಡಿಕೊಂಡಿದ್ದ, ನಾನು ಮ್ಯಾಟ್ರಿಕ್ ಫೇಲಾಗಿ ಮನೆಯಲ್ಲಿದ್ದೆ. ಒಂದು ಸಂಜೆ ಟಾಕೀಸಿನ ಮುಂದೆ ನೂಕುನುಗ್ಗಲಾಗಿ ಯಾರೋ ಬಸ್ಸಿಗೆ ಕಲ್ಲು ಹೊಡೆದರು. ಕಲ್ಲು ಹೊಡೆದವರು ಓಡಿದರು. ನಾವು ಆರು ಮಂದಿ ಗಾಜು ಒಡೆದದ್ದನ್ನು ನೋಡುತ್ತಾ ಬಾಯಿ ಬಿಟ್ಟುಕೊಂಡು ನಿಂತೆವು. ಓಡಿದವರೆಲ್ಲ ಸಜ್ಜನರಾದರು, ನಿಂತವರು ಬದ್ಮಾಶರಾದೆವು! ಠಾಣೆಯ ದಪ್ಪ ರಿಜಿಸ್ಟರಿನಲ್ಲಿ ನಮ್ಮ ಹೆಸರು ಬಿತ್ತು. ಒಮ್ಮೆ ಬಿದ್ದರೆ ಮುಗಿಯಿತು, ಊರಲ್ಲಿ ಎಲ್ಲಿ ಏನಾದರೂ ಮೊದಲು ನಮ್ಮ ಬಾಗಿಲು ಬಡಿಯುತ್ತಿದ್ದರು. ಅದಲ್ಲದೆ ಪ್ರತಿ ಭಾನುವಾರ ಠಾಣೆಗೆ ಹೋಗಿ ಹಾಜರಿ ಕೊಡಬೇಕು. ಹಾಜರಿ ಅಂದರೆ ಪಡಸಾಲೆಯ ನೆಲದ ಮೇಲೆ ಎರಡು ತಾಸು ಸಾಲಾಗಿ ಕೂರುವುದು. ಸಂತೆಗೆ ಹೋಗುವ ಬೀಗರು, ನೆಂಟರು, ಸಾಲಿಯ ಗುರುಗಳು ಎಲ್ಲರೂ ನೋಡುತ್ತಾ ಹೋಗುತ್ತಿದ್ದರು. ಅಪ್ಪ ಆ ರಸ್ತೆಯಲ್ಲಿ ತಿರುಗಾಡುವುದನ್ನೇ ಬಿಟ್ಟುಬಿಟ್ಟ.

ಹೀಗಿರುವಾಗ ಆ ಠಾಣೆಗೆ ಹೊಸ ಜಮಾದಾರರು ಬಂದರು. ಹೆಡ್ ಕಾನ್‌ಸ್ಟೇಬಲ್‌ಗೆ ನಮ್ಮ ಕಡೆ ಜಮಾದಾರ ಅನ್ನುತ್ತೇವೆ. ಖಾನಾಪುರ ಕಡೆಯ ಮುಸ್ಲಿಂ ಮನೆತನದವರು. ಮನೆಯಲ್ಲಿ ದಖ್ಖನಿ, ನಮ್ಮೊಡನೆ ಕನ್ನಡ, ಬೈಯುವಾಗ ಮಾತ್ರ ಮರಾಠಿ. ನಾವು ನೆಲದ ಮೇಲೆ ಕೂತದ್ದನ್ನು ಎರಡು ಭಾನುವಾರ ನೋಡಿದರು. ಮೂರನೇ ವಾರ ಠಾಣೆಯ ಮುಖ್ಯಸ್ಥರಾದ ಫೌಜದಾರ ಸಾಹೇಬರ ಮುಂದೆ ನಿಂತು, ಈ ಹುಡುಗರ ಹಾಜರಿ ನಾನೇ ಅನಗೋಳಕ್ಕೆ ಹೋಗಿ ತೆಗೆದುಕೊಳ್ಳುತ್ತೇನೆ ಎಂದು ಕೇಳಿಕೊಂಡರು. ಠಾಣೆಯ ಪಡಸಾಲೆ ಖಾಲಿಯಾದರೆ ಸಾಕಿತ್ತೋ ಏನೋ, ಫೌಜದಾರರು ಹೂಂ ಅಂದರು.

ರಾತ್ರಿ ಪಾಳಿ ಮುಗಿಸಿ, ಮನೆಗೆ ಹೋಗಿ ಮಲಗಬೇಕಾದ ಮನುಷ್ಯ, ಸೈಕಲ್ಲಿಗೆ ರಿಜಿಸ್ಟರ್ ಕಟ್ಟಿಕೊಂಡು ನಮ್ಮ ಕೆರೆಯ ಹಿಂದಿನ ಬಯಲಿಗೆ ಬಂದರು. ಅಲ್ಲೊಂದು ಬೇವಿನ ಗಿಡ. ಟೊಪ್ಪಿಗೆ ತೆಗೆದರು, ಸೊಂಟದ ಬೆಲ್ಟು ಬಿಚ್ಚಿ ಟೊಂಗೆಗೆ ತೂಗುಹಾಕಿದರು. ಹುಣಸೆಹಣ್ಣು ಹಚ್ಚಿ ಉಜ್ಜಿದ ಅದರ ಹಿತ್ತಾಳೆಯ ಬಿಲ್ಲೆ ಬಿಸಿಲಿಗೆ ಹೊಳೆಯುತ್ತಿತ್ತು, ಹತ್ತಿರ ಹೋದರೆ ಆ ಹುಳಿ ವಾಸನೆ... ಆಮೇಲೆ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ನಮ್ಮ ನಡುವೆ ಬಂದು ನಿಂತರು.

"ಪಟ್ಟಾ ಗಿಡದ ಮ್ಯಾಲ ಐತಿ, ನಾ ಕೆಳಗ ಅದೀನಿ. ಈಗ ನಾ ಜಮಾದಾರ ಅಲ್ಲ. ಬರ್ರೋ, ಯಾರ್ ಹಿಡೀತೀರಿ ನೋಡೂಣು!"

ಯಾರಿಗೂ ಧೈರ್ಯ ಬರಲಿಲ್ಲ. ಪೊಲೀಸರ ಕಾಲು ಹಿಡಿಯುವುದು ನಮಗೆ ಗೊತ್ತಿತ್ತು, ಆದರೆ ಹೀಗೆ ಎಳೆದು ಕೆಡವಲಿಕ್ಕಲ್ಲ. ಕೊನೆಗೆ ನಾನೇ ನುಗ್ಗಿ ಕೆಡವಿದೆ. ಎದ್ದು ಮಣ್ಣು ಝಾಡಿಸಿಕೊಂಡು ನಕ್ಕರು. ಅಂದಿನಿಂದ ಅದೇ ಪದ್ಧತಿ. ಎರಡು ತಾಸು ಕಬಡ್ಡಿ, ಆಮೇಲೆ ಬೆಲ್ಟು ಕಟ್ಟಿಕೊಂಡು ರಿಜಿಸ್ಟರ್ ತೆಗೆಯುವುದು, ನಮ್ಮ ಆರು ಹೆಸರು ಕರೆಯುವುದು, ಒಂದೊಂದರ ಮುಂದೆ ಗೀರು ಹಾಕಿ ತಮ್ಮ ಸಹಿ ಮಾಡುವುದು. ರಂಜಾನಿನಲ್ಲಿ ರೋಜಾ ಹಿಡಿದು ಒಂದು ಹನಿ ನೀರಿಲ್ಲದೆ ಬಿಸಿಲಲ್ಲಿ ನಿಂತು ಆಟ ನಡೆಸುತ್ತಿದ್ದರು. ಇದಕ್ಕೆ ಸರ್ಕಾರ ಅವರಿಗೆ ಏನೂ ಕೊಡುತ್ತಿರಲಿಲ್ಲ.

ಆರು ಇದ್ದವರು ಹತ್ತಾದೆವು, ಇಪ್ಪತ್ತಾದೆವು. ರಿಜಿಸ್ಟರಿಗೂ ತಮಗೂ ಸಂಬಂಧವಿಲ್ಲದ ಹುಡುಗರು ಬಂದರು. ಸ್ವತಃ ಫೌಜದಾರರ ಮಗ ಬಂದ. ಒಂದು ದಿನ ಆ ಫೌಜದಾರರ ಮಗನೇ ಮುಖ ಸಣ್ಣ ಮಾಡಿಕೊಂಡು ಕೇಳಿದ: "ಜಮಾದಾರ್ರ, ಇವರ ಹೆಸರು ಅಷ್ಟ ಯಾಕ್ರಿ ಕರೀತೀರಿ? ನಾ ಏನ್ ಕಡಿಮಿ ಆಡ್ತೀನೇನ್ರಿ?" ನಾವು ಆರೂ ಮಂದಿ ನೆಲ ನೋಡಿದೆವು. ಮುಂದಿನ ಭಾನುವಾರ ಜಮಾದಾರರು ಸಾಲಿ ಮಕ್ಕಳ ನೂರು ಪುಟದ ನೋಟ್‌ಬುಕ್ಕೊಂದು ತಂದರು. ಎಲ್ಲರ ಹೆಸರನ್ನೂ ಬೆರೆಸಿ ಅದರಲ್ಲಿ ಬರೆದಿದ್ದರು. ಅಂದಿನಿಂದ ಕೂಗಿ ಕರೆಯುವುದು ಆ ಪುಸ್ತಕದಿಂದ. ಎಲ್ಲರೂ ಹೋದ ಮೇಲೆ ರಿಜಿಸ್ಟರನ್ನು ಸೈಕಲ್ಲಿನ ಸೀಟಿನ ಮೇಲೆ ಇಟ್ಟು ಗೀರು, ಸಹಿ ಹಾಕಿಕೊಳ್ಳುತ್ತಿದ್ದರು. ಯಾರು ಯಾವ ಪುಸ್ತಕದವರು ಎಂಬುದು ಬಯಲಿನಲ್ಲಿ ಕ್ರಮೇಣ ಮರೆತೇ ಹೋಯಿತು.

ಎರಡನೇ ವರ್ಷ ಖಾನಾಪುರದ ಪಂದ್ಯದಲ್ಲಿ ಗೆದ್ದೆವು. ಸೋತವರು ಪೊಲೀಸರದೇ ತಂಡ, ಆ ಸುಖ ಹೇಳತೀರದು! ಪತ್ರಿಕೆಯಲ್ಲಿ ಸುದ್ದಿ ಬಂತು. ಆಗ ಮೇಲಿನವರಿಗೆ ಜಮಾದಾರರು ಕಂಡರು. ಸನ್ಮಾನ ಮಾಡುತ್ತೇವೆ ಎಂದರು. ಬನಿಯನ್ ಒಗೆದು ಹಾಕಿಕೊಂಡು ಬರ್ರಿ ಎಂದು ಜಮಾದಾರರು ನಮ್ಮನ್ನೆಲ್ಲ ಕರೆದರು. ನಾನು ಅಷ್ಟೊತ್ತಿಗೆ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಕೆಲಸ ಕಲಿಯಲು ಸೇರಿ ಮೂರು ತಿಂಗಳಾಗಿತ್ತು. ಪೊಲೀಸ್ ದಾಖಲೆ ಇದ್ದವರನ್ನು ಒಳಗೆ ಬಿಡುವುದಿಲ್ಲ ಎಂದು ಮಾಲಕರು ಮೊದಲ ದಿನವೇ ಹೇಳಿದ್ದರು. ನಾನು ಹೇಳಿಕೊಂಡಿರಲಿಲ್ಲ. ಸಮಾರಂಭಕ್ಕೆ ಹೋಗಿ ನೋಡಿದರೆ ಅದೇ ಮಾಲಕರು ಅತಿಥಿಗಳ ಮೊದಲ ಸಾಲಿನಲ್ಲಿ ಕೂತಿದ್ದರು. ಅವ್ವ ಹೆಂಗಸರ ಕಡೆ ಕೂತಿದ್ದಳು.

ಜಿಲ್ಲೆಯ ಪೊಲೀಸರ ದೊಡ್ಡ ಸಾಹೇಬರು ಮೈಕಿನ ಮುಂದೆ ಬಂದರು. ಜಮಾದಾರರನ್ನು ಬಾಯಿ ತುಂಬ ಹೊಗಳಿದರು. ಕೊನೆಗೆ, ಇವರು ಆರು ಮಂದಿ ಬದ್ಮಾಶ ಹುಡುಗರನ್ನು ತಿದ್ದಿದ್ದಾರೆ, ಆ ಆರೂ ಮಂದಿ ಈಗ ಮೇಲೆ ಬರಲಿ, ಜನ ಅವರ ಮುಖ ನೋಡಲಿ ಎಂದರು. ಹೆಸರಿನ ಚೀಟಿಯನ್ನು ಜಮಾದಾರರ ಕೈಗೆ ಕೊಟ್ಟರು. ಮೂರು ತಿಂಗಳ ಕೆಲಸ ಇಲ್ಲಿಗೆ ಹೋಯಿತು, ಅವ್ವನ ಮುಂದೆಯೇ ಹೋಯಿತು ಅಂದುಕೊಂಡೆ.

ಜಮಾದಾರರು ಚೀಟಿ ಓದಿದರು. ಮಡಚಿ ಕಿಸೆಗೆ ಹಾಕಿಕೊಂಡರು. ಆಮೇಲೆ ಅಷ್ಟು ಜನರ ಮುಂದೆ, ಸಮವಸ್ತ್ರದಲ್ಲಿ ನಿಂತೇ, ಸೊಂಟದ ಬೆಲ್ಟು ಬಿಚ್ಚಿದರು. ಅವರಿಗೆ ಹೊದಿಸಬೇಕೆಂದು ಇಟ್ಟಿದ್ದ ಶಾಲಿನ ತಟ್ಟೆಯ ಮೇಲೆ ಇಟ್ಟರು.

"ಪಟ್ಟಾ ಕಟ್ಟಿಕೊಂಡು ನಿಮ್ಮ ಮಾತು ಮೀರಾಕ ಬರಂಗಿಲ್ರಿ ಸಾಹೇಬ್ರ. ಅದಕ್ಕ ಬಿಚ್ಚಿಟ್ಟೀನಿ. ಈಗ ಹಾಜರಿ ಕರೀತೀನಿ."

ನೂರು ಪುಟದ ನೋಟ್‌ಬುಕ್ ತೆಗೆದರು. ಮೊದಲು ಕರೆದದ್ದು ಫೌಜದಾರರ ಮಗನನ್ನು. ಆಮೇಲೆ ಒಬ್ಬ ಸಾಲಿ ಮಾಸ್ತರರ ಮಗ, ಆಮೇಲೆ ನಾನು, ಆಮೇಲೆ ಇನ್ನೊಬ್ಬ... ಹೀಗೆ ಇಪ್ಪತ್ತೇಳು ಹೆಸರು. ಇಪ್ಪತ್ತೇಳೂ ಮಂದಿ ಹತ್ತಿದ ಮೇಲೆ ವೇದಿಕೆಯ ಹಲಗೆ ಕಿರುಗುಟ್ಟಿತು. ಫೌಜದಾರರ ಮುಖ ಕೆಂಪಗಾಗಿತ್ತು.

"ಇವರಾಗ ಬದ್ಮಾಶರು ಯಾರು ಅಂತ ನೀವ ಆರಿಸ್ರಿ. ನನಗಂತೂ ಗೊತ್ತಾಗವಲ್ದು."

ಹೆಂಗಸರ ಕಡೆಯಿಂದ ಮೊದಲು ಒಂದು ಚಪ್ಪಾಳೆ ಬಂತು. ಅದು ಅವ್ವನದೇ ಎಂದು ನಾನು ಇಂದಿಗೂ ನಂಬಿದ್ದೇನೆ, ಅವಳು ಮಾತ್ರ ಒಪ್ಪಲೇ ಇಲ್ಲ. ಶಾಲು ತಟ್ಟೆಯಲ್ಲೇ ಉಳಿಯಿತು. ಸೋಮವಾರ ನಾನು ಕೆಲಸಕ್ಕೆ ಹೋದೆ, ಮಾಲಕರು ಏನೂ ಕೇಳಲಿಲ್ಲ. ಆ ಕಾರ್ಖಾನೆಯಿಂದಲೇ ನಿವೃತ್ತನಾದೆ. ನನ್ನ ಮನೆ, ಮಕ್ಕಳ ಓದು ಎಲ್ಲ ಆ ಲೇಥಿನಿಂದ ಬಂದದ್ದು.

ಅವರಿಗೆ ಬಂದದ್ದು ಶಿಸ್ತು ಮೀರಿದ್ದಕ್ಕೆ ನೋಟೀಸು, ತಿಂಗಳೊಳಗೆ ವರ್ಗ. ಖಾನಾಪುರದ ಆಚೆ, ಕಾಡಿನ ಅಂಚಿನ ಒಂದು ಚಿಕ್ಕ ಪೊಲೀಸ್ ಚೌಕಿ. ರಿಜಿಸ್ಟರ್ ಠಾಣೆಯಲ್ಲಿ ಉಳಿಯಿತು, ನೋಟ್‌ಬುಕ್ಕು ಅವರ ಜೊತೆ ಹೋಯಿತು. ಮುಂದೆ ಬಂದವರು ನಮ್ಮನ್ನು ಹಾಜರಿಗೆ ಕರೆಯಲಿಲ್ಲ. ಆದರೂ ನಾವು ಭಾನುವಾರ ರೈಲು ಹತ್ತಿ ಖಾನಾಪುರಕ್ಕೆ, ಅಲ್ಲಿಂದ ನಡೆದು ಚೌಕಿಗೆ ಹೋಗುತ್ತಿದ್ದೆವು. ಅಲ್ಲಿಯೂ ಬೆಲ್ಟು ಒಂದು ಗಿಡದ ಮೇಲೆ, ಕೆಳಗೆ ಮರಾಠಿ ಮಾತಾಡುವ ಹುಡುಗರ ಹೊಸ ಹಿಂಡು! ಪಶ್ಚಾತ್ತಾಪ ಎಂಬುದು ಆ ಮುಖದಲ್ಲಿ ಒಂದು ದಿನವೂ ನನಗೆ ಕಾಣಲಿಲ್ಲ.

ನಾವು ಹೋಗುವುದು ತಿಂಗಳಿಗೊಮ್ಮೆಯಾಯಿತು, ವರ್ಷಕ್ಕೊಮ್ಮೆಯಾಯಿತು... ನನಗೆ ಮದುವೆಯಾಯಿತು, ಓವರ್‌ಟೈಮು ಶುರುವಾಯಿತು, ನಾನು ಹೋಗುವುದನ್ನು ಬಿಟ್ಟೆ. ಎಂಬತ್ತರ ದಶಕದ ನಡುವೆ ಒಂದು ದಿನ ಖಾನಾಪುರದಿಂದ ಬಂದವರೊಬ್ಬರು ಹೇಳಿದರು, ಜಮಾದಾರರು ತೀರಿಹೋಗಿ ಎರಡು ತಿಂಗಳಾಯಿತು ಎಂದು. ನಲವತ್ತನೇ ದಿನದ ಕಾರ್ಯವೂ ಮುಗಿದಿತ್ತು. ಸುದ್ದಿಯೇ ತಲುಪದಷ್ಟು ದೂರವಾಗಿದ್ದೆ, ಮಣ್ಣಿಗೆ ನಾನು ಹೋಗಲಿಲ್ಲ. ಅದಕ್ಕೆ ಯಾವ ನೆವವನ್ನೂ ನಾನು ಹೇಳುವುದಿಲ್ಲ. ಅವರ ನೋಟ್‌ಬುಕ್ ಏನಾಯಿತೆಂದು ಮನೆಯವರಿಗೂ ಗೊತ್ತಿಲ್ಲ.

ರಾಮತೀರ್ಥ ನಗರದವರಿಗೆ ಮೊನ್ನೆಯೇ ಫೋನ್ ಮಾಡಿದೆ. ತಿದ್ದಿದ ಎಂಬ ಮಾತು ತೆಗೆಯಿರಿ, ಇಲ್ಲವಾದರೆ ನಾನು ಬರುವುದಿಲ್ಲ ಎಂದೆ. ನಮ್ಮಲ್ಲಿ ತಿದ್ದುವಂಥದ್ದೇನೂ ಇರಲಿಲ್ಲ, ತಪ್ಪಿದ್ದದ್ದು ಆ ರಿಜಿಸ್ಟರು. ನೆನಪಿನಿಂದ ಬರೆದುಕೊಂಡು ವೇದಿಕೆಯ ಮೇಲೆ ಇಪ್ಪತ್ತೇಳು ಹೆಸರನ್ನೂ ಓದುತ್ತೇನೆ. ಬದುಕಿದ್ದವರದೂ, ಹೋದವರದೂ. ಆರು ಮಂದಿಯಲ್ಲಿ ಐವರು ಯಾರೆಂದು ಹೇಳುವುದಿಲ್ಲ, ಆರನೆಯವನು ನಾನು ಎಂದು ಹೇಳುತ್ತೇನೆ.

ಅದಕ್ಕೂ ಮೊದಲು, ಮೊನ್ನೆ ಹಿತ್ತಲಲ್ಲೇ, ಸೊಸೆಗೆ ಹೇಳಿದೆ, ಎಲ್ಲವನ್ನೂ. ಅವಳು ದೀಪ ಉಜ್ಜುವ ಕೈ ನಿಲ್ಲಿಸಿ ಕೇಳಿದಳು: "ಮಾವಾರ, ಅಂದ್ರ ನಿಮ್ಮ ಹೆಸರು ಇನ್ನೂ ಆ ರಿಜಿಸ್ಟರಿನಾಗ ಐತೇನ್ರಿ? ತಗಸಾಕ ಅರ್ಜಿ ಕೊಡೂಣೇನ್ರಿ?"

"ಬ್ಯಾಡವ್ವ, ಇರ್ಲಿ ಬಿಡು," ಅಂದೆ. "ಅದರ ಮುಂದ ಅವರ ಸಹಿ ಐತಿ. ಅವರ ಕೈಬರಹ ಬ್ಯಾರೆ ಎಲ್ಲೂ ಉಳದಿಲ್ಲ."