ಹಿಟ್ಟಿನ ವಾಸನೆ ಕಣೇ!

ಇನ್ನೂ ಬೆಳಕು ಹರಿದಿಲ್ಲ. ಬೇಕರಿಯ ಹಿಂದಿನ ಕೋಣೆಯಲ್ಲಿ ಬ್ರೆಡ್ಡಣ್ಣ ಹಿಟ್ಟಿನ ತೊಟ್ಟಿಯ ಮುಂದೆ ನಿಂತು, ಮೇಲೆ ಹೊದಿಸಿದ ಒದ್ದೆ ಬಟ್ಟೆ ಎತ್ತುವ ಮೊದಲು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಾರೆ. ರಾತ್ರಿಯಿಡೀ ಹುದುಗು ಬಂದು ಉಬ್ಬಿದ ಹಿಟ್ಟಿನಿಂದ ಗಪ್ಪನೆ ಏಳುವ ಮೊದಲ ವಾಸನೆ ಇದೆಯಲ್ಲ, ಥೇಟ್ ಹೆಂಡದಂಗಡಿಯದೇ. ಅದು ಸ್ವಲ್ಪ ಆರಿದ ಮೇಲೆಯೇ ಮೊಣಕೈವರೆಗೆ ಕೈ ಇಳಿಸಿ ನಾದಲು ಶುರು. ಬೀದಿ ಏಳುವ ಹೊತ್ತಿಗೆ ಇನ್ನೂರು ಬ್ರೆಡ್ಡು ಒಲೆಯಿಂದ ಹೊರಬಂದಿರಬೇಕು.

"ಕುಡಿತ ಬಿಟ್ಟೋನಿಗೆ ದೇವ್ರು ಇದೇ ಕೆಲ್ಸ ಕೊಡ್ಬೇಕಾ ಹೇಳಿ!" ಎಂದು ತಾವೇ ನಗುತ್ತಾರೆ. "ಬೇರೆ ಕೆಲ್ಸ ನಂಗೆ ಬರಲ್ಲ. ಹುದುಗು ಹಾಕ್ದೆ ಬ್ರೆಡ್ಡು ಬರಲ್ಲ. ಏನ್ಮಾಡ್ಲಿ?"

ಕುಡಿಯುತ್ತಿದ್ದ ಕಾಲದಲ್ಲಿ ಇದೇ ವಾಸನೆ ಅವರನ್ನು ಕಾಯುತ್ತಿತ್ತು. ಹೆಂಡತಿ ಬಾಗಿಲಲ್ಲೇ ಮೂಗು ಮುರಿದರೆ ಉತ್ತರ ನಾಲಿಗೆ ತುದಿಯಲ್ಲೇ ಸಿದ್ಧ: "ಹಿಟ್ಟಿನ ವಾಸನೆ ಕಣೇ!" ಪಾಪ, ಆಕೆ ಎಷ್ಟೋ ಕಾಲ ನಂಬಿದರು. ಮಗಳ ಹುಟ್ಟುಹಬ್ಬಕ್ಕೆ ತಾನೇ ಮಾಡಿ ತಂದ ಕೇಕಿನ ಮೇಲೆ ಅಪ್ಪ ಧೊಪ್ಪನೆ ಬಿದ್ದ ದಿನ ನಂಬಿಕೆ ಮುಗಿಯಿತು. ಆಕೆ ಮಗಳನ್ನು ಕರೆದುಕೊಂಡು ಅಕ್ಕನ ಮನೆ ಸೇರಿದರು. ಹೋಗುವಾಗ ಹೇಳಿದ್ದು ಒಂದೇ ಮಾತು: "ಕುಡಿತ ಬಿಡೋರು ಸೇರೋ ಜಾಗ ಇರತ್ತಂತೆ. ಒಂದ್ ಕಡೆ ನೆಟ್ಟಗೆ ಕೂತ್ಕೊಳ್ಳಿ. ಆಮೇಲೆ ಬಂದು ನೋಡ್ತೀನಿ."

ಒಂದು ಕಡೆ ಅಂದರೆ ಯಾವ ಕಡೆ? ಅಲ್ಲಿಂದ ಶುರುವಾಯಿತು ನೋಡಿ ಫಜೀತಿ.

ಗ್ರಂಥಾಲಯದ ಮಹಡಿಯಲ್ಲಿ 'ಬಿಟ್ಟವರ ಸಭೆ' ನಡೆಯುತ್ತದೆ ಎಂದು ಯಾರೋ ಹೇಳಿದರು. ಹೋದರು. ದುಂಡಗೆ ಹಾಕಿದ ಕುರ್ಚಿಗಳು, ಸಪ್ಪಗಿನ ಮುಖಗಳು. ತಮ್ಮ ಸರದಿ ಬಂದಾಗ ಬ್ರೆಡ್ಡಣ್ಣ ಧೈರ್ಯ ಮಾಡಿ ಬಾಯಿಬಿಟ್ಟರು: "ಬಿಟ್ಟಿದ್ದೀನಿ. ಆದ್ರೂ ಸಂಜೆ ಆದ್ರೆ ನೆನಪು ಕಾಡತ್ತೆ." ಪಕ್ಕದ ಹೆಂಗಸು ಕಣ್ಣೊರೆಸಿಕೊಂಡು ಕೇಳಿದರು, "ಮತ್ತೆ ಸೇರೋ ಆಸೆ ಇದ್ಯಾ?" "ದಿನಾ ಇದೆ ಕಣಮ್ಮ. ಆದ್ರೆ ಒಂದ್ ಗುಟುಕು ಒಳಗೆ ಹೋದ್ರೂ ನನ್ನ ಕಥೆ ಮುಗೀತು." ಆಕೆ ಕುರ್ಚಿಯನ್ನು ಸ್ವಲ್ಪ ಆಚೆ ಸರಿಸಿಕೊಂಡರು. ಅದು ಗಂಡನನ್ನೋ ಹೆಂಡತಿಯನ್ನೋ ಬಿಟ್ಟವರ ಸಭೆ! "ಹಾಗೆ ನೋಡಿದ್ರೆ ಅಲ್ಲೂ ನಂಗೊಂದು ಕುರ್ಚಿ ಇತ್ತು ಬಿಡಿ" ಎನ್ನುವಾಗ ನಗು ಅರ್ಧಕ್ಕೇ ನಿಲ್ಲುತ್ತದೆ.

ಎರಡನೆಯದು ಸರಿಯಾದ ಸಭೆಯೇ, ಆದರೆ ಸಂಜೆಯದು. ನಸುಕಿಗೆ ಎದ್ದ ಜೀವ, ಕೂತಲ್ಲೇ ತೂಕಡಿಸಿತು. ಮೈಯೆಲ್ಲ ಹುಳಿ ವಾಸನೆ ಬೇರೆ. ಹಿರಿಯರೊಬ್ಬರು ಬೆನ್ನು ತಟ್ಟಿ, "ಕುಡಿದು ಬಂದ್ರೂ ಪರವಾಗಿಲ್ಲಪ್ಪ, ಬಂದ್ಯಲ್ಲ" ಎಂದರು. "ಸ್ವಾಮೀ, ಇದು ಹಿಟ್ಟಿನ ವಾಸನೆ!" ಎಂದಿದ್ದೇ ತಡ, ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಕೆಟ್ಟ ನಗುವಲ್ಲ ಅದು. ಕೆಮ್ಮಿನ ಔಷಧಿ, ಗೋಡೆಯ ಬಣ್ಣ ಎಂದು ಅವರೂ ಮನೆಯಲ್ಲಿ ಹೇಳಿದವರೇ. ಬ್ರೆಡ್ಡಣ್ಣನಿಗೆ ಮಾತ್ರ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಸುಳ್ಳು ಹೇಳ್ದಾಗ ನಂಬಿದ್ರು. ನಿಜ ಹೇಳ್ದಾಗ ನಕ್ರು. ಹಾಗಾದ್ರೆ ಬಿಟ್ಟಿದ್ದಾದ್ರೂ ಯಾಕೆ ಅಂತ ತಲೆ ಕೆಟ್ಟೋಯ್ತು. ಸೀದಾ ಹೆಂಡದಂಗಡಿ ಮುಂದೆ ಹೋಗಿ ನಿಂತೆ." ಮತ್ತೆ ಒಳಗೆ ಹೋಗಲಿಲ್ಲವೇಕೆ? ಅವರಿಗೂ ಸರಿಯಾಗಿ ಗೊತ್ತಿಲ್ಲ. "ನಾಳೇದು ಹಿಟ್ಟು ಕಲಸಿಡ್ಬೇಕಿತ್ತಲ್ಲ" ಎನ್ನುತ್ತಾರೆ.

ಮೂರನೆಯದು ಬಸ್ ಡಿಪೋ ಹಿಂದಿನ ಸಾಮಾನಿನ ಕೋಣೆಯಲ್ಲಿ ನಡೆಯುವ ಮಧ್ಯಾಹ್ನದ ಸಭೆ. ಹೊತ್ತಲ್ಲದ ಹೊತ್ತಿನಲ್ಲಿ ದುಡಿಯುವ ಡ್ರೈವರುಗಳು, ಕಾವಲುಗಾರರು, ಒಬ್ಬ ಆಸ್ಪತ್ರೆಯ ಆಯಾ. ಬ್ರೆಡ್ಡಣ್ಣ ಬಾಗಿಲ ಬಳಿಯ ಕುರ್ಚಿಯಲ್ಲಿ ಮುದುರಿ ಕೂತಾಗ ಆಯಾ ಒಮ್ಮೆ ಮೂಸಿದರು. ಇನ್ನೇನು ಎದ್ದುಬಿಡಬೇಕು, ಅಷ್ಟರಲ್ಲಿ ಆಕೆ ಕೇಳಿದರು, "ಬೇಕರಿ ಕೆಲ್ಸನಾ?"

ಹೇಗೆ ಗೊತ್ತಾಯಿತು ಎಂದು ತಡವರಿಸಿದರೆ, "ಹೆಂಡದ ವಾಸನೆ ನಂಗೊತ್ತಿಲ್ವೇನಪ್ಪ? ವರ್ಷಗಟ್ಲೆ ಅದ್ರ ಜೊತೆ ಸಂಸಾರ ಮಾಡಿದೀನಿ. ಇದು ಬರೀ ಹಿಟ್ಟು" ಎಂದರು. ಬ್ರೆಡ್ಡಣ್ಣ ಅಲ್ಲೇ ಗಳಗಳ ಅತ್ತುಬಿಟ್ಟರು.

ಗೊಂದಲ ತೀರಿತು ಎಂದುಕೊಳ್ಳಬೇಡಿ. ಸಭೆಯಲ್ಲಿ ಕೆಲವರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾರೆ, ಕೆಲವರು ಸುಮ್ಮನಿರುತ್ತಾರೆ. ಇವರು ಒಂದು ಕಣ್ಣು ಮುಚ್ಚಿಕೊಂಡು ಕೂರುತ್ತಾರೆ. "ಅವ್ರು ಹೇಳೋದು ಅರ್ಧಂಬರ್ಧ ತಲೆಗೆ ಹೋಗತ್ತೆ. ಇದೇ ಸರಿಯಾದ ಜಾಗನಾ ಅಂತ ಈಗ್ಲೂ ಗೊತ್ತಿಲ್ಲ. ಎದ್ದು ಹೋಗ್ಬೇಕು ಅಂತ ಮಾತ್ರ ಅನ್ಸಲ್ಲ."

ಈ ಭಾನುವಾರ ಹೆಂಡತಿ ಮಗಳೊಂದಿಗೆ ಬೇಕರಿಗೇ ಬರುತ್ತಾರಂತೆ. ಆ ಯೋಚನೆಯಲ್ಲಿ ಬ್ರೆಡ್ಡಣ್ಣನಿಗೆ ನಿದ್ದೆಯಿಲ್ಲ. "ಸೋಪು ಹಾಕಿ ತಿಕ್ಕೊಂಡು ನಿಂತ್ರೆ ಏನೋ ಮುಚ್ಚಿಡ್ತಿದ್ದಾನೆ ಅಂತಾಳೆ. ಹಾಗೇ ನಿಂತ್ರೆ ಕುಡಿದಿದ್ದಾನೆ ಅಂತಾಳೆ. ಏನ್ಮಾಡೋದು ಹೇಳಿ?"

ಕೈಗಂಟಿದ ಹಿಟ್ಟನ್ನು ತಿಕ್ಕಿ ಬಿಡಿಸುತ್ತಾರೆ.

"ಹಾಗೇ ನಿಂತ್ಕೋತೀನಿ. ಹತ್ರ ಬಂದು ಮೂಸ್ಲಿ. ನಾನು ಬಾಯಿ ಬಿಡಲ್ಲ. ಹಿಟ್ಟಿನ ವಾಸನೆ ಅನ್ನೋ ಮಾತು ಈ ಸಲ ಅವಳ ಬಾಯಿಂದ ಬರ್ಲಿ."